ಕಲಬುರಗಿ ಸುತ್ತು: ಮೂರನೇ ವಾರದ ತಯಾರಿ

ಸಣ್ಣ ವಿಮಾನ ನಾನೇ ಹಾರಿಸಿಕೊಂಡು ಹೋಗಿಬರುವ ಸುತ್ತು ಇದು. ನಕ್ಷೆಯ ಮೇಲಿನ ಗೆರೆ ಕೊನೆಗೂ ಪಕ್ಕಾ ಆಯಿತು. ಬೆಳಗಾವಿಯ ವಿಮಾನ ನಿಲ್ದಾಣ ಸಾಂಬ್ರಾದಿಂದ ಹುಬ್ಬಳ್ಳಿ, ಅಲ್ಲಿಂದ ಕಲಬುರಗಿ, ಮತ್ತೆ ನೇರ ಬೆಳಗಾವಿಗೆ. ಮೂರು ಹಂತ: 40, 159, 160. ಒಟ್ಟು ಸುಮಾರು 360 ನಾಟಿಕಲ್ ಮೈಲಿ (ಒಂದಕ್ಕೆ 1.85 ಕಿ.ಮೀ.). ಪಿಪಿಎಲ್‌ಗಾಗಿ, ಅಂದರೆ ಖಾಸಗಿ ಪೈಲಟ್ ಲೈಸೆನ್ಸ್‌ಗಾಗಿ, ಒಬ್ಬನೇ ಹಾರಿದ್ದು 150 ಚಿಲ್ಲರೆ, ಅದೇ ಇಲ್ಲಿಯವರೆಗಿನ ದಾಖಲೆ. ವಿಮಾನ ಬಾಡಿಗೆಯ ಸೆಸ್ನಾ 172. ಜೊತೆಗೆ ತಮ್ಮ ಇನ್‌ಸ್ಟ್ರಕ್ಟರ್ ಇರಲೇಬೇಕು ಅನ್ನುವುದು ಬಾಡಿಗೆಗೆ ಕೊಡುವವರ ಷರತ್ತು. ಇರಲಿ, ಒಳ್ಳೆಯದೇ.

ದಾರಿ ತಪ್ಪದಂತೆ ಮೇಲಿಂದ ಕಾಣುವ ಗುರುತು ಹುಡುಕುವ ಕೆಲಸ ಮಜವಾಗಿತ್ತು. ಹುಬ್ಬಳ್ಳಿ ಬಿಟ್ಟ ಮೇಲೆ ಬಾದಾಮಿಯ ಕೆಂಪು ಗುಡ್ಡ. ಆಮೇಲೆ ಕೃಷ್ಣೆ. ಎಡಕ್ಕೆ ಆಲಮಟ್ಟಿ ಡ್ಯಾಂ, ಬಲಕ್ಕೆ ಮಲಪ್ರಭೆ ಬಂದು ಸೇರುವ ಕೂಡಲಸಂಗಮ. ನಡುವೆ ದಾಟಿದರೆ ದಾರಿ ಸರಿ. ವಾಪಸ್ ಬರುವಾಗ ಮುಧೋಳದ ಸಕ್ಕರೆ ಫ್ಯಾಕ್ಟರಿ ಚಿಮಣಿ ಬರೆದುಕೊಂಡಿದ್ದೆ. ಆ ಕಡೆ ಚಿಮಣಿ ಒಂದಾ ಎರಡಾ! ಹೊಡೆದುಹಾಕಿ ಘಟಪ್ರಭೆ ನದಿ ಅಂತ ಬರೆದೆ.

ಈ ವಾರ ತಲೆ ತಿಂದಿದ್ದು ತೂಕ. ಈ ವಿಮಾನ ಮೇಲೇಳಬಹುದಾದ ಗರಿಷ್ಠ ತೂಕ 1,157 ಕೆಜಿ. ಖಾಲಿ ತೂಕ 780. ಟ್ಯಾಂಕ್ ತುಂಬಿದರೆ ಬಳಸಲು ಸಿಗುವುದು 200 ಲೀಟರ್, ಲೀಟರಿಗೆ 0.72ರಂತೆ 144 ಕೆಜಿ. ಜನಕ್ಕೆ, ಸಾಮಾನಿಗೆ ಉಳಿದಿದ್ದು 233. ನಾನು 82, ಇನ್‌ಸ್ಟ್ರಕ್ಟರ್ 74, ನಾನೂ ಬರ್ತೀನಿ ಅಂತ ಹಟ ಹಿಡಿದಿರುವ ಭಾವ 95. ಕೂಡಿಸಿ ನೋಡಿ: 251. ಅವನ ಕರದಂಟಿನ ಡಬ್ಬಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇಂಧನ 165 ಲೀಟರಿಗೆ ಇಳಿಸಿದರೆ ಅವನು ಹಿಡಿಸುತ್ತಾನೆ. ಗಂಟೆಗೆ 34 ಲೀಟರ್, ಏರಿಳಿತ ಎಲ್ಲ ಸೇರಿ ಮೂರೂಮುಕ್ಕಾಲು ಗಂಟೆ. ಅಂದರೆ 128 ಲೀಟರ್. ಉಳಿಯುವುದು 37, ಒಂದು ತಾಸಿಗಿಂತ ಸ್ವಲ್ಪ ಜಾಸ್ತಿ. ಕಾಗದದ ಮೇಲೆ ಸಾಕು. ಆದರೆ ಚಳಿಗಾಲದ ಈಶಾನ್ಯ ಗಾಳಿ 15 ನಾಟ್ (ಗಂಟೆಗೆ 15 ನಾಟಿಕಲ್ ಮೈಲಿ) ಎದುರಿಗೆ ಬೀಸಿದರೆ ಹುಬ್ಬಳ್ಳಿ–ಕಲಬುರಗಿಯೊಂದೇ ಕಾಲು ಗಂಟೆ ಹೆಚ್ಚು ಹಿಡಿಯುತ್ತದೆ. ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ, ನಿಜ. ಅಷ್ಟರೊಳಗೆ ಗಾಳಿ ದಿಕ್ಕು ತಿರುಗಿದರೆ? ದಾರಿಯಲ್ಲಿ ಅವ್‌ಗ್ಯಾಸ್ (ಸಣ್ಣ ವಿಮಾನದ ಪೆಟ್ರೋಲ್) ಸಿಕ್ಕೇ ಸಿಗುತ್ತೆ ಅಂತ ನಾನಂತೂ ನಂಬಲ್ಲ. ದೊಡ್ಡ ವಿಮಾನಗಳ ಜೆಟ್ ಇಂಧನ ಎಟಿಎಫ್ ನಮಗೆ ಬರುವುದಿಲ್ಲ.

ಸಾಂಬ್ರಾ ಇರುವುದೇ ಸುಮಾರು 2,490 ಅಡಿ ಎತ್ತರದಲ್ಲಿ. ಬಿಸಿಲು 30 ಡಿಗ್ರಿ ಮುಟ್ಟಿದರೆ ವಿಮಾನಕ್ಕೆ ಅದು 4,900 ಅಡಿಯ ತೆಳು ಗಾಳಿ. ರನ್‌ವೇ 2,300 ಮೀಟರ್ ಇದೆ, ಓಟಕ್ಕೆ ಚಿಂತೆಯಿಲ್ಲ. ಏರುವುದು ಮಾತ್ರ ಎತ್ತಿನ ಗಾಡಿ.

ಹೀಗಾಗಿ ಟ್ಯಾಂಕ್ ಫುಲ್, ಭಾವ ಮನೆಯಲ್ಲಿ. ಫೋನ್ ಮಾಡಿ ಹೇಳಿದೆ. ‘ನಾಲ್ಕು ಸೀಟು ಸುಮ್ನೆ ಇಟ್ಟಿದ್ದಾರಾ?’ ಅಂದ. ಉತ್ತರ ಕೊಡಲಿಲ್ಲ. ಡಬ್ಬಿ ಮಾತ್ರ ಕಳಿಸು ಅಂದೆ.

ಬಾಕಿ ಇರುವುದು: ಫ್ಲೈಟ್ ಪ್ಲಾನ್, ಎಡಿಸಿ (ವಾಯು ರಕ್ಷಣೆಯವರ ಅನುಮತಿ) ಮತ್ತು ಎಫ್ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರ್, ಹೊರಡುವ ಬೆಳಗಿನ ಹವಾಮಾನ. ಕಬ್ಬಿನ ರವದಿ ಸುಡುವ ಕಾಲ, ಹೊಗೆ ಕಟ್ಟಿಕೊಂಡರೆ ಒಂಬತ್ತರವರೆಗೆ ಕಾಯಬೇಕು.