ತಾತನ ಡೈರಿ ಹಿಡ್ಕೊಂಡು ಶ್ರೀರಂಗಪಟ್ಟಣ, ಮೈಸೂರು

ಹೋದ ಬುಧವಾರ ನಾನೂ ಚಿಕ್ಕಪ್ಪನೂ ಮಂಡ್ಯದಲ್ಲಿ ಬೆಳಿಗ್ಗೆ ಟ್ರೈನ್ ಹತ್ತಿದ್ವಿ, ಬ್ಯಾಗಲ್ಲಿ ತಾತನ 1971ರ ಡೈರಿ, ಹಳೇ ಪಂಚೆ ತುಂಡಲ್ಲಿ ಸುತ್ತಿದ್ದು. ತಾತ ವರ್ಷಾವರ್ಷ ಬರೀತಿದ್ರು, ಮನೆ ಕೆಡವಿ ಕಟ್ಟಿಸುವಾಗ ಎಲ್ಲಾ ರದ್ದಿ ಜೊತೆ ಹೋಗ್ಬಿಡ್ತು, ಉಳಿದಿದ್ದು ಇದೊಂದೇ, ಇದಕ್ಕೂ ಹುಳ ಬಿದ್ದಿದೆ. ಹಳೇ ತಾಳೆಗರಿ ಕಟ್ಟುಗಳನ್ನ ಕಾಪಾಡೋ ಮೈಸೂರಿನ ಓರಿಯಂಟಲ್ ಲೈಬ್ರರೀಲಿ ಯಾರನ್ನಾದ್ರೂ ಕೇಳೋಣ ಅಂತ ಹೊರಟಿದ್ದು. ದಾರೀಲಿ ಪಟ್ಟಣದಲ್ಲಿ ಇಳಿಯೋಣ ಅಂದಿದ್ದು ನಾನು.

ರಂಗನಾಥಸ್ವಾಮಿ ದೇವಸ್ಥಾನದ ಹತ್ರಾನೇ ಲಾಲ್ ಮಹಲ್ ಇತ್ತು, ಟಿಪ್ಪು ಇದ್ದ ಅರಮನೆ, ಈಗ ಬರೀ ಪಾಯ. 1799ರ ಮೇ 4ಕ್ಕೆ ಕೋಟೆ ಬಿದ್ದು ಟಿಪ್ಪು ಸತ್ತ ಮೇಲೆ ಅರಮನೇಲಿ ಗುಟ್ಟಿನ ಕಾಗದಪತ್ರಗಳ ಜೊತೆ ಬ್ರಿಟಿಷರ ಕರ್ನಲ್ ಕಿರ್ಕ್‌ಪ್ಯಾಟ್ರಿಕ್‌ಗೆ ಒಂದು ಪುಸ್ತಕ ಸಿಕ್ತು, ಟಿಪ್ಪು ತನ್ನ ಕೈಯಾರೆ ಪರ್ಷಿಯನ್ನಲ್ಲಿ ಬರೆದಿಟ್ಟಿದ್ದ 37 ಕನಸುಗಳು. ಅವತ್ತು ಅಲ್ಲೇ ಇದ್ದ ಹಬೀಬುಲ್ಲಾ ಅನ್ನೋ ನಂಬಿಕಸ್ಥ ನೌಕರ, ಇಂಥದ್ದೊಂದು ಪುಸ್ತಕ ಇದೆ ಅಂತ ಗೊತ್ತಿತ್ತು ಆದ್ರೆ ಕಣ್ಣಲ್ಲಿ ನೋಡಿಲ್ಲ, ಯಾರಾದ್ರೂ ಹತ್ರ ಬಂದ್ರೆ ಸುಲ್ತಾನರು ಮುಚ್ಚಿಟ್ಕೊಳ್ತಿದ್ರು ಅಂದನಂತೆ. ಅದೀಗ ಲಂಡನ್ನಿನ ಬ್ರಿಟಿಷ್ ಲೈಬ್ರರೀಲಿದೆ.

ಇದನ್ನ ಹೇಳಿದ್ದಕ್ಕೆ ಚಿಕ್ಕಪ್ಪ ಪಾಯದ ಕಡೆ ನೋಡ್ತಾ, "ಅಪ್ಪನೂ ಹಂಗೇ ಕಣೋ, ಬರೀವಾಗ ನಾವ್ಯಾರಾದ್ರೂ ಹೋದ್ರೆ ದಿಂಬಿನ ಕೆಳಗೆ ತಳ್ಬಿಡೋರು" ಅಂದ್ರು.

ನನಗಂತೂ ಕನಸಿಗಿಂತ ಕಾಗದಗಳೇ ಇಷ್ಟ. ಕಿರ್ಕ್‌ಪ್ಯಾಟ್ರಿಕ್ಕೇ ಟಿಪ್ಪುವಿನ ಒಂದಷ್ಟು ಕಾಗದಗಳನ್ನ ಇಂಗ್ಲಿಷಿಗೆ ಮಾಡಿ 1811ರಲ್ಲಿ ಪ್ರಿಂಟ್ ಹಾಕಿಸಿದ. ಅದರಲ್ಲಿ 1786ರದ್ದೊಂದು ಪಟ್ಟಣದ ಕಿಲ್ಲೇದಾರನಿಗೆ, ಅಂದ್ರೆ ಕೋಟೆಯ ಅಧಿಕಾರಿಗೆ, ಬರೆದದ್ದು, ಬಂಗಾಳದಿಂದ ರೇಷ್ಮೆ ಹುಳ ಬರ್ತಿದೆ, ಎಲ್ಲಿಟ್ಟು ಸಾಕಿದ್ರೆ ಒಳ್ಳೇದು ಅಂತ ವಿಚಾರಿಸಿ ತಿಳಿಸು ಅನ್ನೋ ಅರ್ಥದ್ದು. ಯುದ್ಧದ ಮಧ್ಯೆ ಹುಳದ ಜಾಗದ ಯೋಚನೆ! ಹುಳ ಸಾಕಿದ ಮನೇಲಿ ಹುಟ್ಟಿದೋರಿಗೆ ಆ ಕಾಗದ ಓದಿದ್ರೆ ಮೈ ಜುಮ್ ಅನ್ನುತ್ತೆ.

ಅಲ್ಲಿಂದ ಬಸ್ಸಲ್ಲಿ ಮೈಸೂರು. ಓರಿಯಂಟಲ್ ಲೈಬ್ರರಿ ಶುರುವಾಗಿದ್ದು 1891ರಲ್ಲಿ, ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದಿದ್ದು ಇಲ್ಲೇ, ತಮಿಳು ಕಡೆ ಸಂಸ್ಕೃತ ಬರೆಯೋಕೆ ಬಳಸ್ತಿದ್ದ ಗ್ರಂಥ ಅನ್ನೋ ಲಿಪಿಯಲ್ಲಿತ್ತು, 1909ರಲ್ಲಿ ಅಚ್ಚಾಯ್ತು. ಅಲ್ಲೀತನಕ ಅದು ಕಳೆದೇ ಹೋಯ್ತು ಅಂದ್ಕೊಂಡಿದ್ರು. ಅಲ್ಲಿದ್ದ ಒಬ್ಬರು ಮೇಡಂ ನಮಗೆ ಒಂದು ತಾಳೆಗರಿ ಕಟ್ಟು ಬಿಚ್ಚಿ ತೋರಿಸಿದ್ರು. ಕಂಟ ಅನ್ನೋ ಕಬ್ಬಿಣದ ಚೂಪು ಕಡ್ಡೀಲಿ ಕೊರೆದ ಅಕ್ಷರ ಬರಿಗಣ್ಣಿಗೆ ಸರಿಯಾಗಿ ಕಾಣಲ್ಲ, ಮಸಿ ಸವರಿ ಒರೆಸಿದ್ರೆ ಗೀರಲ್ಲಿ ಮಾತ್ರ ಕಪ್ಪು ನಿಲ್ಲುತ್ತೆ. ಹುಳ ಬರದ ಹಾಗೆ ಸಿಟ್ರೊನೆಲ್ಲಾ ಎಣ್ಣೆ ಹಚ್ತಾರೆ, ನಿಂಬೆಹಣ್ಣಿನ ಥರ ವಾಸನೆ.

ತಾತನ ಡೈರಿ ಬಿಚ್ಚಿದಾಗ ಅವರು ಒಂದೊಂದೇ ಹಾಳೆ ತಿರುವಿ ನೋಡಿ, ಇದಕ್ಕೆ ಎಣ್ಣೆಗಿಣ್ಣೆ ಹಚ್ಬೇಡಿ, ಟೇಪ್ ಅಂಟಿಸ್ಬೇಡಿ, ಲ್ಯಾಮಿನೇಶನ್ ಅಂತೂ ಬೇಡ್ವೇ ಬೇಡ, ಮೇಲೆ ಪೆನ್ನಲ್ಲಿ ಏನೂ ಗೀಚ್ಬೇಡಿ, ಫೋಟೋ ತಕ್ಕೊಂಡು ತೇವ ಇಲ್ಲದ ಕಡೆ ರಟ್ಟಿನ ಡಬ್ಬೀಲಿ ಇಡಿ ಅಂದ್ರು. ಎಷ್ಟು ಮೆತ್ತಗೆ ಮುಟ್ತಿದ್ರು ಅಂದ್ರೆ ಚಿಕ್ಕಪ್ಪನ ಕಣ್ಣಲ್ಲಿ ನೀರು ಬಂತು.

ಬಸ್ ಸ್ಟ್ಯಾಂಡಲ್ಲಿ ಕೂತು ಫೋಟೋ ತೆಗೀತಾ ಒಂದು ಪುಟ ಸಿಕ್ತು, ನೀಲಿ ಶಾಯಿ ಕದಡಿದೆ, "ಈ ದಿನ ಹುಳ ನಾಲ್ಕನೇ ಜ್ವರ ಎದ್ದವು. ಸೊಪ್ಪು ಸಾಲದು. ರಾತ್ರಿ ಪಕ್ಕದೂರಿಂದ ಸೊಪ್ಪು ಬಂತು." ಜ್ವರ ಅಂದ್ರೆ ರೇಷ್ಮೆ ಹುಳ ಮೇವು ಬಿಟ್ಟು ಪೊರೆ ಕಳಚೋ ಹೊತ್ತು. ನಾಲ್ಕನೇ ಜ್ವರ ಎದ್ದ ಹುಳ ಹಗಲೂರಾತ್ರಿ ಮೇಯುತ್ತೆ, ಹಿಪ್ಪುನೇರಳೆ ಸೊಪ್ಪಿಲ್ಲ ಅಂದ್ರೆ ಇಡೀ ಬೆಳೆ ಹೋದಂಗೆ. ಅಲ್ಲಿಂದ್ಲೇ ಅಜ್ಜಿಗೆ ಫೋನ್ ಮಾಡಿ ಓದಿ ಹೇಳ್ದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಸೊಪ್ಪು ತಾನಾಗೇ ನಡ್ಕಂಡ್ ಬಂತಾ? ಮಳೇಲಿ ಎರಡ್ ಸಲ ತಲೆ ಮ್ಯಾಲೆ ಹೊತ್ಕಂಡ್ ಬಂದೋಳು ನಾನು. ಅದ್ನ ಬರ್ದಿಲ್ವಾ?"

"ಇಲ್ಲ ಅಜ್ಜಿ."

"ಹಂಗಾರೆ ನೀನ್ ಬರ್ಕೋ."

ಡೈರಿ ಮೇಲೆ ಬರೀಬಾರ್ದಲ್ಲ, ಚಿಕ್ಕಪ್ಪನ ಹತ್ರ ಒಂದು ಬಿಳಿ ಹಾಳೆ ಇಸ್ಕೊಂಡು ಅಜ್ಜಿ ಹೇಳಿದ್ದನ್ನ ಹೇಳಿದ ಹಾಗೇ ಬರ್ದು, ಆ ಪುಟದ ತಾರೀಕು ಹಾಕಿ, ಡೈರಿ ಜೊತೆ ಪಂಚೇಲಿ ಸುತ್ತಿಟ್ಟೆ.