ಹಾರ್ನೆಸ್ ಇದೆ, ಕೊಕ್ಕೆ ಸಿಕ್ಕಿಸೋದು ಎಲ್ಲಿಗೆ?

"ಏನ್ ಮಾಡೋದು ಸಾರ್, ಲೇಬರ್ ಹೇಳಿದ ಮಾತು ಕೇಳಲ್ಲ." ನನ್ನ ಸೇಫ್ಟಿ ಆಫೀಸರ್ ಕೆಲಸದಲ್ಲಿ ಕಟ್ಟಡದ ಸೈಟ್ ಬದಲಾದರೂ ಬದಲಾಗದ ಮಾತು ಇದು. ಇದನ್ನು ನಾನು ನಂಬುವುದು ಬಿಟ್ಟು ಬಹಳ ಕಾಲವಾಯಿತು.

ಸ್ಲ್ಯಾಬ್ ಅಂಚಿನಲ್ಲಿ ಸೆಂಟ್ರಿಂಗ್, ಅಂದರೆ ಕಾಂಕ್ರೀಟಿಗೆ ಅಚ್ಚು ಕಟ್ಟುವ ಕೆಲಸ, ನಡೆಯುತ್ತಿರುತ್ತದೆ. ಹುಡುಗ ಹಾರ್ನೆಸ್ (ಬಿದ್ದರೆ ಹಿಡಿದಿಡುವ ಮೈಪಟ್ಟಿ) ಹಾಕಿರುತ್ತಾನೆ, ಆದರೆ ಕೊಕ್ಕೆ ಸೊಂಟದಲ್ಲೇ ನೇತಾಡುತ್ತಿರುತ್ತದೆ. ಬೈಯುವ ಮುಂಚೆ ಅವನ ಪಕ್ಕ ನಿಂತು ಸುತ್ತ ನೋಡಬೇಕು. ಸಿಕ್ಕಿಸಲು ಅಚ್ಚಿಗೆ ಊರು ಕೊಟ್ಟ ಅಲ್ಲಾಡುವ ಪ್ರಾಪ್ ಬಿಟ್ಟರೆ ಏನೂ ಇರುವುದಿಲ್ಲ. ಆಂಕರ್, ಅಂದರೆ ಕೊಕ್ಕೆ ಸಿಕ್ಕಿಸುವ ಗಟ್ಟಿ ಆಧಾರ, ಸಾಮಾನ್ಯವಾಗಿ ಒಬ್ಬನಿಗೆ 22 ಕಿಲೋನ್ಯೂಟನ್, ಅಂದರೆ ಎರಡು ಟನ್ನಿಗೂ ಮಿಕ್ಕ ಭಾರ ತಡೆಯಬೇಕು. ಅಂಥದ್ದು ಕೆಲಸಕ್ಕೆ ಮುಂಚಿನ ಸುರಕ್ಷತಾ ಮಾತುಕತೆಯಾದ ಬೆಳಗಿನ ಟೂಲ್‌ಬಾಕ್ಸ್ ಟಾಕ್‌ನಲ್ಲಿ ಹುಟ್ಟುವುದಿಲ್ಲ, ಡ್ರಾಯಿಂಗ್‌ನಲ್ಲೇ ಇರಬೇಕು.

ಆಂಕರ್ ಇದ್ದರೂ ಇನ್ನೊಂದು ಲೆಕ್ಕ ಉಳಿಯುತ್ತದೆ. ಹಾರ್ನೆಸ್‌ನಿಂದ ಕೊಕ್ಕೆವರೆಗಿನ ಹಗ್ಗ, ಲ್ಯಾನ್ಯಾರ್ಡ್, 1.8 ಮೀಟರ್, ಬಿದ್ದಾಗ ಜಗ್ಗನ್ನು ತಗ್ಗಿಸುವ ಶಾಕ್ ಅಬ್ಸಾರ್ಬರ್ ಬಿಚ್ಚಿಕೊಳ್ಳುವುದು ಸುಮಾರು ಒಂದು ಮೀಟರ್, ಅದರ ಕೆಳಗೆ ಮನುಷ್ಯನ ಎತ್ತರ, ಅದರ ಮೇಲೆ ಒಂದಿಷ್ಟು ಸುರಕ್ಷತೆಯ ಅಂತರ. ಕೊಕ್ಕೆಯಿಂದ ಕೆಳಗೆ ಐದು ಮೀಟರಿಗಿಂತ ಹೆಚ್ಚು ಖಾಲಿ ಜಾಗ ಬೇಕು. ಮಹಡಿಯ ಎತ್ತರವೇ ಮೂರು ಮೀಟರ್ ಆಸುಪಾಸು! ಮೊದಲ ಮಹಡಿಯಲ್ಲಿ ಕಾಲ ಬಳಿ ಕೊಕ್ಕೆ ಹಾಕಿದವನು ಹಗ್ಗ ಬಿಗಿಯುವ ಮೊದಲೇ ನೆಲ ಮುಟ್ಟುತ್ತಾನೆ. ಅಲ್ಲಿ ಬೇಕಿರುವುದು ಬೀಳದಂತೆ ಅಂಚಿಗೆ ತಡೆಕಂಬಿ. ಖರೀದಿಗೆ ಸುಲಭ ಅಂತ ತರುವುದು ಮಾತ್ರ ಹಾರ್ನೆಸ್.

ಇದರ ಬೇರು ಟೆಂಡರಿನಲ್ಲಿದೆ. ಸುರಕ್ಷತೆಗೆ ಪ್ರತ್ಯೇಕ ಐಟಂ ಇಲ್ಲದಿದ್ದರೆ, ಅದನ್ನು ಪ್ರಾಮಾಣಿಕವಾಗಿ ಸೇರಿಸಿ ರೇಟ್ ಹಾಕಿದವನೇ ಕೆಲಸ ಕಳೆದುಕೊಳ್ಳುತ್ತಾನೆ. ಗೆದ್ದವನು ಉಪಗುತ್ತಿಗೆ ಕೊಡುತ್ತಾನೆ, ಉಪಗುತ್ತಿಗೆದಾರ ಮೇಸ್ತ್ರಿಗೆ ಚದರ ಅಳತೆಯ ಮೇಲೆ ಕೊಡುತ್ತಾನೆ. ಕೊಕ್ಕೆ ಬಿಚ್ಚಿ ಮತ್ತೆ ಹಾಕುವ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ. ತರಬೇತಿ ಪಡೆದ ಗ್ಯಾಂಗ್ ಬೇರೆ ಸೈಟಿಗೆ ಹೋಗಿರುತ್ತದೆ, ಹೊಸದಾಗಿ ಬಂದವರಿಗೆ ಎಚ್ಚರಿಕೆ ಬೋರ್ಡಿನ ಭಾಷೆಯೇ ಬಾರದು.

ಗೇಟಿನ "ಅಪಘಾತವಿಲ್ಲದ ದಿನಗಳು" ಬೋರ್ಡನ್ನು ಕಂಡರೂ ನನಗೆ ಆಗುವುದಿಲ್ಲ. ಅದಕ್ಕೆ ಬೋನಸ್ ಸೇರಿತೆಂದರೆ ಕೈ ಕುಯ್ದುಕೊಂಡವನು ಬಟ್ಟೆ ಸುತ್ತಿಕೊಂಡು ಸುಮ್ಮನಾಗುತ್ತಾನೆ. ಸ್ವಲ್ಪದರಲ್ಲಿ ತಪ್ಪಿದ ಘಟನೆಗಳಂತೂ ರಿಜಿಸ್ಟರಿಗೆ ಬರುವುದೇ ಇಲ್ಲ.

ಒಂದು ಸೈಟಿನಲ್ಲಿ ಅಂಚಿನ ಕಂಬಿಯನ್ನು ರನ್ನಿಂಗ್ ಮೀಟರ್, ಅಂದರೆ ಉದ್ದದ ಲೆಕ್ಕದಲ್ಲಿ ಬಿಲ್ಲಿಗೆ ಸೇರಿಸಿದರು. ಆಮೇಲೆ ಮೇಸ್ತ್ರಿಯೇ ಬಂದು, "ಸಾರ್, ಕಂಬಿ ಆಯ್ತು, ಅಳೆಯೋಕೆ ಟೇಪ್ ತನ್ನಿ" ಅನ್ನತೊಡಗಿದ.