ಮಿಲ್ ಲ್ಯಾಕ್ಸ್ ಕೆರೆ, ಬಿಳಿ ಬೆರಳು, ಮೂರು ಜೊತೆ ಗ್ಲೌಸು

ಅಮೆರಿಕದ ಮಿನೆಸೋಟಾದಲ್ಲಿ, ಗ್ಯಾರಿಸನ್ ಅನ್ನೋ ಊರಲ್ಲಿ, ಮಿಲ್ ಲ್ಯಾಕ್ಸ್ ಕೆರೆ ದಡದಲ್ಲಿರೋ ಆ ದೊಡ್ಡ ವಾಲೈ ಮೀನಿನ ಮೂರ್ತಿ ಹತ್ರ ಕಾರು ನಿಲ್ಸಿದಾಗ ಬೆಳಿಗ್ಗೆ ಹತ್ತೂವರೆ, ಕಾರಿನ ಮೀಟರು ಮೈನಸ್ 5 ಫ್ಯಾರನ್‌ಹೀಟ್ ತೋರಿಸ್ತಿತ್ತು, ಅಂದ್ರೆ ನಮ್ಮ ಲೆಕ್ಕದಲ್ಲಿ ಮೈನಸ್ 20 ಡಿಗ್ರಿ ಹತ್ತಿರ. ನಮ್ಮನೆಯವರು "ಇಳಿ, ಫೋಟೋ ತೆಗೀತೀನಿ" ಅಂದ್ರು. ಇಳಿದೆ, ಆದ್ರೆ ಗ್ಲೌಸ್ ಬಿಚ್ಚಲಿಲ್ಲ. ಹೋದ ವರ್ಷ ಇದೇ ಜಾಗದಲ್ಲಿ ಫೋಟೋ ತೆಗೆಯೋಕೆ ಅಂತ ಎರಡು ನಿಮಿಷ ಬರಿಗೈ ಬಿಟ್ಟಿದ್ದೆ, ಇಡೀ ಪ್ರವಾಸ ಅಲ್ಲೇ ಕೆಟ್ಟೋಯ್ತು.

ನಾನು ಹೊನ್ನಾವರದೋಳು. ಶರಾವತಿ ಸಮುದ್ರ ಸೇರೋ ಕಡೆ ಅಪ್ಪನ ಪಕ್ಕ ಕೂತು, ಗಾಳಕ್ಕೆ ಸಿಗಡಿ ಸಿಗ್ಸಿ, ತಂಗೂಸಿ ಬೆರಳಿಗೆ ಸುತ್ಕೊಂಡು ಕಾಣೆ ಮೀನು ಕಚ್ಚೋದನ್ನ ಕಾಯ್ತಾ ಬೆಳೆದೋಳು. ಮೀನು ಮುಟ್ಟಿದ್ದು ಬೆರಳಿಗೆ ಗೊತ್ತಾಗ್ಬೇಕು, ಅದೇ ಗಾಳ ಹಾಕೋದ್ರ ಸುಖ. ಮಿನೆಸೋಟಾಗೆ ಬಂದು ಒಂಬತ್ತು ವರ್ಷ ಆಯ್ತು, ಇಲ್ಲಿ ಚಳಿಗಾಲದಲ್ಲಿ ಕೆರೆ ಮೇಲೆ ಕಾರು ಓಡಿಸ್ಕೊಂಡು ಹೋಗಿ, ಐಸ್ ಕೊರೆದು, ತೂತಿನಲ್ಲಿ ಗಾಳ ಬಿಡ್ತಾರೆ ಅಂತ ಗೊತ್ತಾದ ದಿನದಿಂದ ಹೋಗ್ಬೇಕು ಅನ್ನೋ ಆಸೆ. ಅಡ್ಡ ಬಂದಿದ್ದು ನನ್ನ ಕೈ. ಚಳಿ ಸೋಕಿದ್ರೆ ಸಾಕು ಬೆರಳು ಮೇಣದ ಬತ್ತಿ ಥರ ಬಿಳಿ ಆಗತ್ತೆ, ಆಮೇಲೆ ನೀಲಿ, ಬೆಚ್ಚಗಾದ್ಮೇಲೆ ಕೆಂಪಾಗಿ ಚುಚ್ಚಿದ ಹಾಗೆ ಉರಿ. ಡಾಕ್ಟ್ರು ನೋಡಿ ರೇನೋ ಅಂದ್ರು, 1862ರಲ್ಲಿ ಮೊರೀಸ್ ರೇನೋ ಅನ್ನೋ ಫ್ರೆಂಚ್ ಡಾಕ್ಟ್ರು ಇದರ ಬಗ್ಗೆ ಬರೆದಿದ್ರಂತೆ, ಅವರದೇ ಹೆಸರು. ಚಳಿಗೆ ಎಲ್ಲರಿಗೂ ಬೆರಳಿನ ರಕ್ತನಾಳ ಸ್ವಲ್ಪ ಬಿಗಿಯತ್ತೆ, ಒಳಗಿನ ಶಾಖ ಉಳಿಸ್ಕೊಳ್ಳೋಕೆ. ನಮ್ಮಂಥೋರಿಗೆ ಅದು ನಲ್ಲಿ ಮುಚ್ಚಿದ ಹಾಗೆ ಪೂರ್ತಿ ಮುಚ್ಕೊಂಡ್‌ಬಿಡತ್ತೆ. ರಕ್ತ ಪರೀಕ್ಷೆ ಮಾಡ್ಸಿದ್ರು, ಬೇರೆ ಕಾಯಿಲೆ ಇಲ್ಲ ಅಂತ ಗೊತ್ತಾಯ್ತು. ಯಾರಿಗಾದ್ರೂ ಒಂದೇ ಕೈಗೆ ಹೀಗಾಗ್ತಿದ್ರೆ, ಬೆರಳ ತುದೀಲಿ ಹುಣ್ಣಾಗ್ತಿದ್ರೆ, ಅಥವಾ ನಲವತ್ತು ದಾಟಿದ್ಮೇಲೆ ಹೊಸದಾಗಿ ಶುರುವಾಗಿದ್ರೆ ಗ್ಲೌಸ್ ಹುಡುಕೋಕೆ ಮುಂಚೆ ಡಾಕ್ಟ್ರ ಹತ್ರ ಹೋಗಿ ದಯವಿಟ್ಟು.

ಹೋದ ವರ್ಷ ಏನಾಯ್ತು ಅಂದ್ರೆ, ಅಂಗಡೀಲಿ ಇರೋದ್ರಲ್ಲೇ ದಪ್ಪದ್ದು, ದುಬಾರಿದು, ಐದು ಬೆರಳಿನ ವಾಟರ್‌ಪ್ರೂಫ್ ಗ್ಲೌಸ್ ತಗೊಂಡೆ. ಕೈಗೆ ಸರಿಯಾಗಿ ಕೂತಿದೆ ಅಂತ ಖುಷಿ ಬೇರೆ. ಗ್ಯಾರಿಸನ್‌ನಲ್ಲಿ ಆ ಎರಡು ನಿಮಿಷ ಬಿಚ್ಚಿ ಹಾಕ್ಕೊಂಡೆ, ಬೆರಳು ತಣ್ಣಗಾಗಿತ್ತು, ಗ್ಲೌಸ್ ಒಳಗೆ ಹೋದ್ಮೇಲೆ ಬೆಚ್ಚಗಾಗತ್ತೆ ಅಂತ ಕಾದೆ, ಅರ್ಧ ಗಂಟೆ ಆದ್ರೂ ಆಗ್ಲೇ ಇಲ್ಲ. ಟೆಂಟಿನಲ್ಲಿ ಕೂತು ತೂತಿಗೆ ಗಾಳ ಬಿಟ್ಟಿದ್ದೆ, ರಾಡಿನ ತುದಿ ಬಗ್ಗೋದು ಕಣ್ಣಿಗೆ ಕಾಣ್ತಿದೆ, ಕೈಗೆ ಏನೂ ಗೊತ್ತಾಗ್ತಿಲ್ಲ. ಗ್ಲೌಸ್ ಎಳೆದು ನೋಡಿದ್ರೆ ನಾಲ್ಕು ಬೆರಳೂ ಎರಡನೇ ಗೆಣ್ಣಿನವರೆಗೆ ಬಿಳಿ, ಗೆರೆ ಎಳೆದ ಹಾಗೆ, ಆ ಗೆರೆ ಕೆಳಗೆ ಮಾಮೂಲಿ ಬಣ್ಣ. ಹೀಟ್ ಪ್ಯಾಕೆಟ್ ಒಂದು ಗ್ಲೌಸ್ ಒಳಗೆ ತುರುಕಿದ್ರು ನಮ್ಮನೆಯವರು, ಅದೂ ಸ್ವಲ್ಪ ಹೊತ್ತಲ್ಲಿ ತಣ್ಣಗಾಯ್ತು. ಮೂರು ಗಂಟೆಗೇ ಸಾಮಾನು ಕಟ್ಟಿದ್ವಿ. ವಾಲೈ ಕಣ್ಣು ಮಂದ ಬೆಳಕಿಗೆ ಹೇಳಿ ಮಾಡಿಸಿದ್ದು, ಅದು ಕಚ್ಚೋದೇ ಸೂರ್ಯ ಇಳಿಯೋ ಹೊತ್ತಿಗೆ, ಆ ಹೊತ್ತಿಗೆ ನಾವು ಕಾರಲ್ಲಿ ವಾಪಸ್ ಬರ್ತಾ ಇದ್ವಿ, ನಾನು ಕೈ ಕಂಕುಳಲ್ಲಿ ಇಟ್ಕೊಂಡು ಅಳ್ತಾ ಇದ್ದೆ.

ಆಮೇಲೆ ಒಂದು ವರ್ಷ ಇದನ್ನೇ ಯೋಚ್ನೆ ಮಾಡ್ದೆ. ಗ್ಲೌಸ್ ಅನ್ನೋದು ಶಾಖ ಹುಟ್ಸಲ್ಲ. ರಕ್ತ ತರೋ ಶಾಖ ಹೊರಗೆ ಹೋಗದ ಹಾಗೆ ಇಟ್ಕೊಳ್ಳತ್ತೆ ಅಷ್ಟೇ. ರಕ್ತಾನೇ ಬರದ ಬೆರಳಿಗೆ ಎಷ್ಟು ದಪ್ಪದ ಗ್ಲೌಸ್ ಹಾಕಿದ್ರೂ ಅದು ಖಾಲಿ ಫ್ಲಾಸ್ಕ್ ಇದ್ದಂಗೆ, ತಣ್ಣಗಿರೋದನ್ನ ತಣ್ಣಗೇ ಇಡತ್ತೆ. ಇದು ಅರ್ಥ ಆದ್ಮೇಲೆ ಅಂಗಡೀಲಿ ನೋಡೋ ರೀತಿನೇ ಬದಲಾಯ್ತು.

ಈ ಸಲ ತಗೊಂಡಿದ್ದು ಒಂದಲ್ಲ, ಮೂರು ಥರ. ಒಳಗೆ ತೆಳ್ಳಗಿನ ಮೆರಿನೊ ಉಣ್ಣೆದು, ಇದು ಇಡೀ ದಿನ ಬಿಚ್ಚಲ್ಲ. ಹತ್ತಿದು ಬೇಡವೇ ಬೇಡ, ಒದ್ದೆ ಆದ್ರೆ ಮುಗೀತು, ನೀರು ಗಾಳಿಗಿಂತ ಸುಮಾರು 25 ಪಟ್ಟು ಜಾಸ್ತಿ ಶಾಖ ಎಳ್ಕೊಳ್ಳತ್ತೆ, ಉಣ್ಣೆ ಸ್ವಲ್ಪ ಒದ್ದೆ ಆದ್ರೂ ತಡ್ಕೊಳ್ಳತ್ತೆ. ಅದರ ಮೇಲೆ ಮಿಟ್ಟನ್, ಅಂದ್ರೆ ಹೆಬ್ಬೆರಳಿಗೆ ಒಂದು ಮನೆ, ಉಳಿದ ನಾಲ್ಕಕ್ಕೂ ಸೇರಿ ಒಂದೇ ಮನೆ. ಬೆರಳುಗಳು ಒಂದಕ್ಕೊಂದು ಅಂಟ್ಕೊಂಡು ಒಂದರ ಶಾಖ ಇನ್ನೊಂದಕ್ಕೆ ಸಿಗತ್ತೆ, ಐದು ಬೆರಳಿನ ಗ್ಲೌಸಲ್ಲಿ ಪ್ರತಿ ಬೆರಳೂ ಒಂಟಿ. ನಾನು ಆರಿಸಿದ್ದು ಬೆರಳ ಕಡೆ ಮುಚ್ಚಳದ ಹಾಗೆ ಹಿಂದಕ್ಕೆ ಮಡಚೋಕೆ ಬರೋದು, ಗಂಟು ಹಾಕೋವಾಗ ಮಡಚಿ ಮತ್ತೆ ಮುಚ್ಚಬಹುದು. ಒಳಗೆ ಥಿನ್ಸುಲೇಟ್ ಅನ್ನೋ ಶಾಖ ಹಿಡಿದಿಡೋ ತೆಳು ನಾರಿನ ಪದರ, ಅದನ್ನ ಮಾಡೋ ಥ್ರೀ ಎಂ ಕಂಪನಿ ಇಲ್ಲೇ ಸೇಂಟ್ ಪಾಲ್ ಪಕ್ಕದ ಮೇಪಲ್‌ವುಡ್‌ನಲ್ಲಿರೋದು. ಚೀಟಿ ಮೇಲೆ 40 ಗ್ರಾಂ, 100 ಗ್ರಾಂ, 200 ಗ್ರಾಂ ಅಂತ ಇರತ್ತಲ್ಲ, ಅದು ಒಂದು ಚದರ ಮೀಟರಿಗೆ ಎಷ್ಟು ತೂಕದ ಪದರ ಅಂತ, ಗ್ಲೌಸಿನ ತೂಕ ಅಲ್ಲ. ಮೂರನೇದು ತೆಳು ನೈಟ್ರೈಲ್ ರಬ್ಬರಿನದು, ಮೀನು ಮುಟ್ಟೋಕೆ ಮಾತ್ರ.

ಅಳತೆ ವಿಷಯ ಜೋರಾಗಿ ಹೇಳ್ಬೇಕು ನಂಗೆ. ಹೋದ ಸಲ "ಸರಿಯಾಗಿ ಕೂತಿದೆ" ಅಂದ್ಕೊಂಡಿದ್ದೇ ತಪ್ಪು. ಬಿಗಿಯಾದ ಗ್ಲೌಸು ಇರೋ ಚೂರು ರಕ್ತನೂ ತಡೆಯತ್ತೆ, ಒಳಗೆ ಗಾಳಿ ನಿಲ್ಲೋಕೆ ಜಾಗನೂ ಇರಲ್ಲ. ಈ ಸಲ ಉಣ್ಣೆ ಗ್ಲೌಸು ಹಾಕ್ಕೊಂಡೇ ಅಂಗಡಿಗೆ ಹೋದೆ, ಅದರ ಮೇಲೆ ಮಿಟ್ಟನ್ ಹಾಕಿ ಮುಷ್ಟಿ ಕಟ್ಟಿ ನೋಡ್ದೆ, ಬೆರಳ ತುದಿ ಹೊಲಿಗೆಗೆ ತಾಗ್ತಿದ್ರೆ ದೊಡ್ಡ ಸೈಜು. ಮಣಿಕಟ್ಟು ದಾಟಿ ಜಾಕೆಟ್ ತೋಳಿನ ಮೇಲೆ ಬರೋಷ್ಟು ಉದ್ದ ಇದೆಯಾ ನೋಡಿ, ಬೆರಳಿಗೆ ಹೋಗೋ ರಕ್ತ ಅಲ್ಲಿ ಚರ್ಮದ ಕೆಳಗೇ ಹರಿಯೋದು, ಅಲ್ಲಿ ಒಂದು ಇಂಚು ತೆರೆದಿದ್ರೂ ತಣ್ಣಗಿನ ರಕ್ತಾನೇ ಬೆರಳಿಗೆ ಹೋಗತ್ತೆ. ಬ್ಯಾಟರಿ ಗ್ಲೌಸೂ ಹಾಕಿ ನೋಡ್ದೆ, ಚೆನ್ನಾಗೇ ಬಿಸಿ ಬರತ್ತೆ, ಆದ್ರೆ ಬೆರಳು ದಪ್ಪ ಆಗಿ ರಾಡ್ ಹಿಡಿಯೋಕೆ ಬರಲ್ಲ, ಆ ದುಡ್ಡಲ್ಲಿ ಬಿಸಿ ಬರೋ ವೆಸ್ಟ್ ತಗೊಂಡೆ. ಎದೆ ಬೆಚ್ಚಗಿದ್ರೆ ದೇಹ ಬೆರಳಿನ ನಲ್ಲಿ ಮುಚ್ಚೋಕೆ ಅವಸರ ಮಾಡಲ್ಲ.

ಬೆಳಿಗ್ಗೆ ಹೊರಟಿದ್ದು ಏಳೂಮುಕ್ಕಾಲಿಗೆ. ಮಿನಿಯಾಪೊಲಿಸ್‌ನಿಂದ ಸುಮಾರು 100 ಮೈಲಿ, ಹೈವೇ 169, ಪ್ರಿನ್ಸ್‌ಟನ್, ಮಿಲಾಕಾ, ಒನೇಮಿಯಾ ದಾಟಿದ್ರೆ ಬಲಕ್ಕೆ ಕೆರೆ. ಕೆರೆ ಅನ್ನೋಕೆ ಬಾಯಿ ಬರಲ್ಲ, 1,32,000 ಎಕರೆ, ಆಚೆ ದಡ ಕಾಣಲ್ಲ, ಬರೀ ಬಿಳಿ, ಅಷ್ಟಿದ್ರೂ ತೀರಾ ಆಳ ಅಂದ್ರೆ 42 ಅಡಿ. ಮನೇಲಿ ಕೈ ಬೆಚ್ಚಗಿರೋವಾಗ್ಲೇ ಉಣ್ಣೆ ಗ್ಲೌಸ್ ಹಾಕ್ಕೊಂಡು ಹೊರಟಿದ್ದೆ, ಮಿಟ್ಟನ್ನು ಕಾರಿನ ಹೀಟರ್ ಮುಂದೆ. ಕಾಫಿ ಕುಡೀಲಿಲ್ಲ, ಕಾಫಿಯಿಂದ ಕೆಲವ್ರಿಗೆ ರಕ್ತನಾಳ ಇನ್ನೂ ಬಿಗಿಯತ್ತೆ ಅಂದಿದ್ರು ಡಾಕ್ಟ್ರು, ಫ್ಲಾಸ್ಕ್ ತುಂಬ ಕೊತ್ತಂಬರಿ ಜೀರಿಗೆ ಕಷಾಯ.

ರೆಸಾರ್ಟಿನವರು ಐಸ್ ಮೇಲೆ ಹಿಮ ಸರಿಸಿ ರಸ್ತೆ ಮಾಡಿರ್ತಾರೆ, ದುಡ್ಡು ಕಟ್ಟಿ ಹೋಗ್ಬೇಕು, ಅವತ್ತು ಐಸ್ 18 ಇಂಚು ಇತ್ತು. ನಡೆಯೋಕೆ ಕಮ್ಮಿ ಅಂದ್ರೂ 4 ಇಂಚು ಗಟ್ಟಿ ಐಸ್ ಬೇಕು ಅಂತಾರೆ ಇಲ್ಲಿಯ ಡಿಎನ್‌ಆರ್, ಅಂದ್ರೆ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು, ಕಾರಿಗೆ ಅದಕ್ಕಿಂತ ತುಂಬಾ ಜಾಸ್ತಿ. ಪಕ್ಕದ ಮನೆ ಅಜ್ಜ ಡ್ರಿಲ್ ಕೊಟ್ಟಿದ್ರು, ಕೊರೆಯೋ ಕೆಲಸ ನಮ್ಮನೆಯವರದು, ಆ ಅದುರುವಿಕೆ ನನ್ನಂಥ ಕೈಗೆ ಆಗಲ್ಲ. ಗಾಳಕ್ಕೆ ಸಿಗ್ಸೋ ಮಿನ್ನೋ ಅನ್ನೋ ಪುಟ್ಟ ಮೀನೂ ನಾನು ಬಕೆಟ್‌ನಿಂದ ಕೈಯಲ್ಲಿ ತೆಗೀಲಿಲ್ಲ, ಪುಟ್ಟ ಜಾಲರಿಯಲ್ಲಿ.

ಹೀಟ್ ಪ್ಯಾಕೆಟ್ ಹೋದ ಸಲ ಯಾಕೆ ತಣ್ಣಗಾಯ್ತು ಅಂತ ಅಜ್ಜನೇ ಹೇಳಿಕೊಟ್ಟಿದ್ದು. ಅದರೊಳಗೆ ಇರೋದು ಕಬ್ಬಿಣದ ಪುಡಿ, ಗಾಳಿ ತಾಗಿ ತುಕ್ಕು ಹಿಡಿಯೋವಾಗ ಬರೋ ಶಾಖ ಅದು. ಗಾಳಿ ಆಡದ ವಾಟರ್‌ಪ್ರೂಫ್ ಗ್ಲೌಸಲ್ಲಿ ಬಿಗಿಯಾಗಿ ತುರುಕಿದ್ರೆ ಉಸಿರು ಕಟ್ಟಿದ ಹಾಗೆ ನಿಂತೋಗತ್ತೆ. ಈ ಸಲ ಪ್ಯಾಕೆಟ್ ಒಡೆದು, ಹತ್ತು ಹದಿನೈದು ನಿಮಿಷ ಹೊರಗೆ ಬಿಟ್ಟು, ಚೆನ್ನಾಗಿ ಬಿಸಿ ಆದ್ಮೇಲೆ ಉಣ್ಣೆ ಗ್ಲೌಸಿನ ಮೇಲೆ, ಮಣಿಕಟ್ಟಿನ ಒಳಭಾಗಕ್ಕೆ ಬರೋ ಹಾಗೆ ಇಟ್ಟೆ. ಬರೀ ಚರ್ಮದ ಮೇಲೆ ಇಡ್ಬೇಡಿ, ಜೋಮು ಹಿಡಿದ ಕೈಗೆ ಸುಟ್ಟಿದ್ದೂ ಗೊತ್ತಾಗಲ್ಲ. ಟೆಂಟಲ್ಲಿ ಗ್ಯಾಸ್ ಹೀಟರ್ ಇತ್ತು, ಕಿಟಕಿ ಸ್ವಲ್ಪ ತೆಗೆದೇ ಇಟ್ಟಿದ್ವಿ, ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಸೇರಿದ್ರೆ ಕೂಗೋ ಅಲಾರಂ ನೇತುಹಾಕಿದ್ವಿ.

ನಾಲ್ಕೂಮುಕ್ಕಾಲಿಗೆ ಹೊರಗೆ ಆಕಾಶ ಕೇಸರಿ ಆಗಿ, ಟೆಂಟೊಳಗೆ ತೂತಿನ ನೀರು ಕಪ್ಪಾಯ್ತು. ಮಿಟ್ಟನ್ ಮುಚ್ಚಳ ಮಡಚಿ, ರಾಡಿನ ಕಾರ್ಕ್ ಹಿಡಿ ಮೇಲೆ ಎರಡು ಬೆರಳು ಇಟ್ಟು ಕೂತಿದ್ದೆ. ಟಕ್ ಅಂತ ಒಂದು ಸಲ, ಆಮೇಲೆ ಭಾರ. ಬೆರಳಿಗೆ ಗೊತ್ತಾಯ್ತು! "ರೀ, ಕಚ್ತು, ಕಚ್ತು" ಅಂತ ಕೂಗಿದೆ, ಅವರು ರಬ್ಬರ್ ಗ್ಲೌಸ್ ಹಿಡ್ಕೊಂಡು ಬಂದ್ರು. ಇದೊಂದು ಕಷ್ಟ ಇದೆ ನೋಡಿ, ನನ್ನ ಕೈ ಒಣಗಿರ್ಬೇಕು, ಮೀನು ಮುಟ್ಟೋ ಕೈ ಒದ್ದೆ ಇರ್ಬೇಕು, ಒಣ ಉಣ್ಣೆಯಲ್ಲಿ ಹಿಡಿದ್ರೆ ಮೀನಿನ ಮೈಮೇಲಿನ ಲೋಳೆ ಕಿತ್ತೋಗತ್ತೆ, ಬಿಟ್ಟ ಮೇಲೆ ಅದು ಬದುಕೋದು ಕಷ್ಟ. ಅದಕ್ಕೇ ನೈಟ್ರೈಲು. ಉಣ್ಣೆ ಮೇಲೆ ಅದನ್ನ ಎಳ್ಕೊಂಡು, ಹೊರಗಡೆ ನೀರಲ್ಲಿ ಅದ್ದಿ, ಮೀನು ಎತ್ತಿದೆ. ಹಿತ್ತಾಳೆ ಬಣ್ಣದ ಮೈ, ಬಾಲದ ಕೆಳತುದಿ ಬಿಳಿ, ಟಾರ್ಚಿಗೆ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಹೊಳೀತು. ಈ ಕೆರೆಲಿ ಯಾವ ಅಳತೆದು ಇಟ್ಕೋಬಹುದು ಅನ್ನೋ ರೂಲು ವರ್ಷ ವರ್ಷ ಬದಲಾಗತ್ತೆ, ಅಳೆದು ನೋಡಿದ್ವಿ, ಇಟ್ಕೊಳ್ಳೋ ಅಳತೆ ಅಲ್ಲ, ಹುಕ್ಕು ಬಿಡಿಸಿ ತೂತಲ್ಲಿ ತಲೆ ಮೊದಲು ಮಾಡಿ ಬಿಟ್ಟೆ, ಒಂದು ಸಲ ಬಾಲ ಬೀಸಿ ಕಪ್ಪು ನೀರೊಳಗೆ ಹೋಯ್ತು.

ರಬ್ಬರ್ ಕಿತ್ತು, ಉಣ್ಣೆನೂ ಕಿತ್ತು ಬೆರಳು ನೋಡ್ದೆ. ಬಲಗೈ ಕಿರುಬೆರಳ ತುದಿ ಮಾತ್ರ ಸ್ವಲ್ಪ ಬಿಳಿ. ಉಳಿದದ್ದೆಲ್ಲ ಗುಲಾಬಿ. ಜೇಬಲ್ಲಿದ್ದ ಇನ್ನೊಂದು ಒಣ ಉಣ್ಣೆ ಜೊತೆ ಹಾಕ್ಕೊಂಡು, ಮಿಟ್ಟನ್ ಮುಚ್ಚಿ, ಕಷಾಯದ ಲೋಟ ಎರಡು ಕೈಯಲ್ಲಿ ಹಿಡ್ಕೊಂಡೆ. "ಹೊರಡೋಣವಾ?" ಅಂತ ಕೇಳಿದ್ರು ನಮ್ಮನೆಯವರು. ಇನ್ನೊಂದು ಮಿನ್ನೋ ಸಿಗ್ಸಿ ಕೊಡಿ ಅಂದೆ.